ಒಂದೇ ಲೈನು, ಎರಡು ರಿಸೀವರ್

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ, ನಮ್ಮ ಮನೆಯ ಎದುರುಕೋಣೆಯಲ್ಲೇ ನಾನು ಸೈಬರ್ ಕೆಫೆ ತೆರೆದೆ. ಇಂಟರ್ನೆಟ್ಟಿಗೂ ಮನೆಯ ಫೋನಿಗೂ ಒಂದೇ ಲೈನು. ಒಳಗೆ ಅಮ್ಮ ರಿಸೀವರ್ ಎತ್ತಿದರೆ ಹೊರಗೆ ಇಂಟರ್ನೆಟ್ ಕಟ್. ಹಾಗಾಗಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಂಥದ್ದು ದಿನಕ್ಕೊಂದಾದರೂ ಆಗಲೇಬೇಕು.

೧. ಕೀಂಯ್

ಕಾಲೇಜು ವಿದ್ಯಾರ್ಥಿನಿಯೊಬ್ಬಳು ಒಂದೊಂದೇ ಅಕ್ಷರ ಹುಡುಕಿ ಅರ್ಜಿ ಟೈಪು ಮಾಡಿದ್ದಳು. ಕಳಿಸುವಷ್ಟರಲ್ಲಿ ಲೈನು ಹೋಯಿತು. ಒಳಗೆ ಓಡಿದೆ. ಅಮ್ಮ ರಿಸೀವರ್ ಹಿಡಿದು ಗಾಬರಿಯಲ್ಲಿದ್ದರು.

"ಯಾರೋ ಕೀಂಯ್ ಅಂತ ಕೂಗ್ತಾ ಇದ್ದಾರೆ ಮಾರಾಯ! ಯಾರು ಅಂತ ಕೇಳಿದರೆ ಹೆಸರೇ ಹೇಳುವುದಿಲ್ಲ."

"ಅದು ಇಂಟರ್ನೆಟ್ ಅಮ್ಮ."

"ಆಗಲಿ, ಮರ್ಯಾದೆ ಬೇಡವಾ?"

೨. ಮಾಷ್ಟ್ರ ಈಮೇಲ್

ನಿವೃತ್ತ ಮಾಷ್ಟ್ರೊಬ್ಬರು ಮಸ್ಕತ್ತಿನ ಅಳಿಯನಿಗೆ ಎರಡು ಪುಟದ ಈಮೇಲ್ ಬರೆಸಿದರು. ಅದು ಹೋಗಲೇ ಇಲ್ಲ. ನಾನು ಒಳಗೆ ಹೊರಗೆ ಓಡಾಡುತ್ತ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದೆ. ಮಾಷ್ಟ್ರು ಎದ್ದು ಹೋದವರು ಸ್ವಲ್ಪ ಹೊತ್ತಿಗೆ ನಗುತ್ತ ಬಂದರು.

"ಕಾಗದ ಬರ್ತಾ ಉಂಟು, ನೋಡು ಅಂತ ಹೇಳ್ಲಿಕ್ಕೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ವಿಷಯ ಎಲ್ಲ ಅದರಲ್ಲೇ ಮಾತಾಡಿ ಆಯ್ತು. ಇನ್ನು ನೀವು ಕಳಿಸುವುದು ಬೇಡ."

೩. ರೆಪ್ಪೆ ಬಡಿಯದ ಹುಡುಗ

ತಂಗಿಗೆ ಮುಂಡಾಜೆಯ ಸಂಬಂಧ ಬಂತು. ಹುಡುಗ ದುಬೈಯಲ್ಲಿದ್ದ, ರಜೆ ಇಲ್ಲ. ಶುಕ್ರವಾರ ನನ್ನ ಕೆಫೆಯ ಕ್ಯಾಮರಾದಲ್ಲೇ ಹೆಣ್ಣು ನೋಡುವುದೆಂದಾಯಿತು. ಕೆಲಸ ಬಿಡಬೇಕೆಂದ ಎರಡು ಸಂಬಂಧಗಳನ್ನು ತಂಗಿ ಆಗಲೇ ಬೇಡವೆಂದಿದ್ದಳು. ಇದೂ ತಪ್ಪಬಾರದೆಂದು ನಾನು ಬೆಳಿಗ್ಗೆಯಿಂದ ನಾಲ್ಕು ಸಲ ಲೈನು ಪರೀಕ್ಷಿಸಿದ್ದೆ. ಯಾರೂ ಫೋನ್ ಮುಟ್ಟದಂತೆ ಕಾಯಲು ಅಮ್ಮನೇ ಒಳಗೆ ಕೂತರು.

ಹುಡುಗನ ಕಡೆಯವರು ಪರದೆಯ ಮುಂದೆ ಸಾಲಾಗಿ ಕೂತರು. ತಂಗಿ ನೇರವಾಗಿ ಕೇಳಿದಳು: "ಮದುವೆ ಆದ ಮೇಲೂ ನಾನು ಕೆಲಸಕ್ಕೆ ಹೋಗ್ತೇನೆ. ಆಗಬಹುದಾ?"

ಹುಡುಗ ಬಾಯಿ ತೆರೆದ. ಹಾಗೆಯೇ ಇದ್ದ. ಒಂದು ನಿಮಿಷ, ಎರಡು ನಿಮಿಷ. ಅವನ ಸೋದರಮಾವ ಮೆಚ್ಚಿ ತಲೆದೂಗಿದರು: "ನೋಡಿ, ಹಿರಿಯರ ಎದುರು ರೆಪ್ಪೆ ಸಹ ಬಡಿಯುವುದಿಲ್ಲ! ಮೌನಂ ಸಮ್ಮತಿ ಲಕ್ಷಣಂ. ಹುಡುಗ ಒಪ್ಪಿದ."

"ಒಪ್ಪಿದ ಮೇಲೆ ಮಾತು ಬದಲಿಸುವ ಹಾಗಿಲ್ಲ," ಎಂದಳು ತಂಗಿ. ಎಲ್ಲರೂ ಹೂಂ ಎಂದರು.

ಲೈನು ಹೋಗಿದೆಯೆಂದು ಗೊತ್ತಿದ್ದದ್ದು ನನಗೆ ಮಾತ್ರ. ಮೆಲ್ಲನೆ ಒಳಗೆ ಹೋದೆ. ಅಮ್ಮನ ಕೈಯಲ್ಲಿ ರಿಸೀವರ್!

"ಅಮ್ಮಾ, ಮುಟ್ಟಬೇಡಿ ಅಂತ ಹೇಳಿದ್ದಲ್ಲವಾ?"

"ಬೊಬ್ಬೆ ಹಾಕಬೇಡ. ಪೊಳಲಿಯ ಚಿಕ್ಕಮ್ಮನಿಗೆ ಹೇಳ್ತಾ ಇದ್ದೇನೆ, ಈಗ ನಮ್ಮ ಮನೆಗೆ ಫೋನ್ ಮಾಡಬೇಡ, ಲೈನು ಕಟ್ ಆಗ್ತದೆ ಅಂತ!"