‘ಇ’ಗೆ ಬಂದು ನಿಂತ ಮಾತು

ಎದುರಿಗಿರುವವರು ಮಾತು ಮುಗಿಸುವ ತನಕ ಕಾಯುವ ತಾಳ್ಮೆಯನ್ನು ದೇವರು ನನಗೆ ಕೊಡಲಿಲ್ಲ. ಕೊಡುವುದಕ್ಕೆ ಹೊರಟಿದ್ದನೇನೋ, ಅವನು ಬಾಯಿ ತೆರೆಯುವಷ್ಟರಲ್ಲಿ ನಾನೇ “ಗೊತ್ತಾಯ್ತು ಬಿಡಪ್ಪಾ” ಎಂದು ಎದ್ದು ಬಂದಿರಬೇಕು. ಇಂಥವಳಿಗೆ ಗಂಟು ಬಿದ್ದವರು ನಮ್ಮ ಯಜಮಾನರು. ಜಿಗಣಿಯಲ್ಲಿ ಗ್ರಾನೈಟ್ ಕತ್ತರಿಸುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ದಿನವಿಡೀ ಆ ಕಲ್ಲು ಕೊಯ್ಯುವ ಗರಗಸದ ಸದ್ದಿನಲ್ಲಿ ಬಾಯಿ ಮುಚ್ಚಿಕೊಂಡಿರುವುದರಿಂದಲೋ ಏನೋ, ಮನೆಗೆ ಬಂದ ಮೇಲೆ ಅವರಿಗೆ ಮಾತನ್ನು ಬುಡದಿಂದ ಶುರು ಮಾಡಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುವುದಕ್ಕೆ, “ನೋಡೇ, ಬೆಳಿಗ್ಗೆ ಹಾಲಿನವನು ಎರಡು ಪ್ಯಾಕೆಟ್ ಹಾಕಿಹೋದನಲ್ಲ, ಅದರಲ್ಲಿ ಒಂದನ್ನ ನೀನು...” ಎಂದು ಹೊರಡುತ್ತಾರೆ. ನಾನು “ಹೂಂ, ಫ್ರಿಜ್ಜಿನಲ್ಲಿಟ್ಟಿದೀನಿ” ಎಂದು ಅವರ ಬಾಯಿಗೆ ಬೀಗ ಹಾಕುತ್ತೇನೆ. ಆಮೇಲೆ ಒಲೆ ಒರೆಸುವವಳೂ ನಾನೇ. “ಪೂರ್ತಿ ಕೇಳಲ್ಲ ನೀನು” ಎಂದು ಅವರು ಹೇಳುತ್ತಾರೆ. ಅದನ್ನೂ ನಾನು ಪೂರ್ತಿ ಕೇಳಿಸಿಕೊಂಡ ನೆನಪಿಲ್ಲ.

ನನ್ನ ಹೊಟ್ಟೆಪಾಡೂ ಸ್ವಭಾವಕ್ಕೆ ತಕ್ಕ ಹಾಗೇ ಇದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಹೀಗೆಂದಾಗ ಪಕ್ಕದ ಮನೆಯ ಸರೋಜಮ್ಮ “ನಮ್ಮ ಮೊಬೈಲಲ್ಲಿ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗತ್ತಲ್ರೀ, ಯಾಕೆ ಅಂತ ಸ್ವಲ್ಪ ನೋಡಿ” ಎಂದು ಫೋನು ತಂದುಕೊಟ್ಟಿದ್ದರು. ನಾನು ನೋಡುವುದು ಆ ಡೇಟಾ ಅಲ್ಲ. ಪೀಣ್ಯ, ಜಿಗಣಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸಗಾರರ ಹಾಜರಿ, ರಜೆ ಇವನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಅದರಲ್ಲಿ ಒಬ್ಬೊಬ್ಬ ಕೆಲಸಗಾರರಿಗೆ ಒಂದೊಂದು ಸಾಲು. ಸಾಲು ಎಂದರೆ ನಮ್ಮ ಬೆಂಗಳೂರಿನ ಮೂವತ್ತು ನಲವತ್ತರ ಸೈಟು ಇದ್ದ ಹಾಗೆ. ಅದರೊಳಗೇ ಹೆಸರಿಗೊಂದು ಕೋಣೆ, ವಿಳಾಸಕ್ಕೊಂದು ಕೋಣೆ, ರಜೆಯ ಕಾರಣಕ್ಕೊಂದು ಕೋಣೆ. ಹಾಲ್ ದೊಡ್ಡದಾಗಬೇಕು ಎಂದರೆ ಅಡುಗೆಮನೆ ಚಿಕ್ಕದಾಗಬೇಕು. ಕೋಣೆ ತುಂಬಿದ ಮೇಲೂ ಯಾರಾದರೂ ಬರೆಯುತ್ತಾ ಹೋದರೆ ನಮ್ಮ ಸಾಫ್ಟ್‌ವೇರ್ ಜಗಳಕ್ಕೆ ಬರುವುದಿಲ್ಲ. ಸದ್ದಿಲ್ಲದೆ ಬಾಲ ಕತ್ತರಿಸಿ ಎಸೆದು, “ನಿಮ್ಮ ಮನವಿ ತಲುಪಿದೆ, ಧನ್ಯವಾದ” ಎಂದು ಹಸಿರು ಅಕ್ಷರದಲ್ಲಿ ನಗುತ್ತದೆ. ಯಾರು ಹೀಗೆ ಮಾಡಿಟ್ಟು ಹೋದರೋ, ನಾನು ಸೇರುವ ಮೊದಲೇ ಅವರು ಅಮೆರಿಕಕ್ಕೋ ಆಂಧ್ರಕ್ಕೋ ಹೋಗಿಯಾಗಿತ್ತು.

ರಜೆಯ ಕಾರಣದ ಕೋಣೆಗೆ ಕೊಟ್ಟಿದ್ದ ಜಾಗ ಇನ್ನೂರೈವತ್ತೈದು. ಇಂಗ್ಲಿಷಿನವರಿಗೆ ಇದು ಕಲ್ಯಾಣಮಂಟಪ. ಅವರ ಒಂದು ಅಕ್ಷರಕ್ಕೆ ಒಂದು ಜಾಗ ಸಾಕು. ಕನ್ನಡದ ಅಕ್ಷರ ಹಾಗಲ್ಲ, ಒಂದೊಂದೂ ಮೂರು ಜಾಗ ಹಿಡಿದು ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ಕೊಂಬು, ಗುಡಿಸು, ಒತ್ತು ಎಲ್ಲಕ್ಕೂ ಬೇರೆ ಬೇರೆ ಮಣೆ. ಸಾಲದ್ದಕ್ಕೆ ನಮ್ಮ ಜನ ಬರೆಯುವ ರೀತಿ ಬೇರೆ. ಇಂಗ್ಲಿಷಿನಲ್ಲಿ ಬರೆಯುವ ಹುಡುಗರು “ಫೀವರ್” ಎಂದು ಒಂದೇ ಪದ ಒಗೆದು ಮಲಗುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಶಾಲೆಯಲ್ಲಿ ಮೇಷ್ಟ್ರು ರಜಾ ಅರ್ಜಿ ಕಲಿಸಿರುತ್ತಾರಲ್ಲ, ಅದು ರಕ್ತಕ್ಕೇ ಇಳಿದಿರುತ್ತದೆ. “ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎನ್ನುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಕೋಣೆ ಮುಗಿದಿರುತ್ತದೆ. ವಿನಂತಿಗೇ ಇಷ್ಟು ಖರ್ಚಾದ ಮೇಲೆ ಜ್ವರಕ್ಕೆ ಎಲ್ಲಿ ಜಾಗ?

ಒಂದು ಶುಕ್ರವಾರ ಪೀಣ್ಯದ ಕಾರ್ಖಾನೆಯೊಂದರಿಂದ ರಂಗನಾಥ್ ಎಂಬವರು ಫೋನ್ ಮಾಡಿದರು. ಕೆಲಸಗಾರರನ್ನು ಸೇರಿಸಿಕೊಳ್ಳುವುದು, ಕಳಿಸುವುದು ಅಲ್ಲಿ ಅವರ ಕೈಯಲ್ಲಿದೆ. “ಮೇಡಂ, ನಿಮ್ಮ ಸಾಫ್ಟ್‌ವೇರಲ್ಲಿ ಕನ್ನಡ ಮೆಸೇಜ್ ಕೊನೇಲಿ ಒಂದು ಕಪ್ಪು ಚೌಕ ಬರ್ತಾ ಇದೆ. ಪ್ರಿಂಟ್ ತೆಗೆದ್ರೆ ಅಸಹ್ಯ ಕಣ್ರೀ. ಅದೊಂದು ತೆಗೆಸಿಕೊಡಿ” ಎಂದರು. ಅರ್ಧ ಕತ್ತರಿಸಿದ ಅಕ್ಷರ ಕಂಪ್ಯೂಟರಿಗೆ ಓದಲು ಬಾರದಿದ್ದಾಗ ಅದು ಹಾಗೆ ಚೌಕ ತೋರಿಸುತ್ತದೆ. ನನಗೆ ಅದೇನೂ ಹೊಸದಲ್ಲ. ಐದು ನಿಮಿಷದ ಕೆಲಸ ಎಂದುಕೊಂಡು ಅವರು ಹೇಳಿದ ಸಾಲನ್ನು ತೆಗೆದೆ. ಬರೆದವರು ಶಾಂತವ್ವ, ಪ್ಯಾಕಿಂಗ್ ವಿಭಾಗ. ಅಲ್ಲಿ ಇದ್ದದ್ದು ಇಷ್ಟು: “ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ತಂಗಿಗೆ ಹೆರಿಗೆಯಾಗಿದೆ. ರಜೆ ಬೇಕು. ಕೆಲಸ ಬಿಡುವ ಮನಸ್ಸು ಇ”. ಆಮೇಲೆ ಚೌಕ.

“ಸಾರ್, ಇದಕ್ಕೆ ನೀವೇನು ಮಾಡಿದ್ರಿ?” ಎಂದು ಸುಮ್ಮನೆ ಕೇಳಿದೆ.

“ಮಾಡೋದೇನು ಮೇಡಂ, ಕೆಲಸ ಬಿಡೋ ಮನಸ್ಸು ಇದೆ ಅಂತ ಬರೆದಿದ್ದಾರೆ. ಬಿಡಿಸ್ತಾ ಇದೀವಿ. ಸೋಮವಾರ ಆ ಜಾಗಕ್ಕೆ ಬೇರೆಯವರು ಬರ್ತಾರೆ.”

“ಇದೆ ಅಂತ ಎಲ್ಲಿದೆ ಸಾರ್? ಬರೀ ‘ಇ’ ಇದೆ. ‘ಇಲ್ಲ’ದ ‘ಇ’ ಕೂಡ ಇದೇ ಅಲ್ವಾ?”

“ಮನಸ್ಸು ಇಲ್ಲದವರು ಆ ಮಾತು ಯಾಕೆ ಎತ್ತುತ್ತಾರೆ ಮೇಡಂ? ಅಲ್ಲದೆ ನೀವೇ ಮಾಡಿರೋ ಸಾಫ್ಟ್‌ವೇರು, ನೀವೇ ನಂಬಬೇಡಿ ಅಂದ್ರೆ ಹೆಂಗೆ?” ಎಂದರು ರಂಗನಾಥ್. “ಸೋಮವಾರದ ತನಕ ತಡೀರಿ ಸಾರ್” ಎಂದು ನಾನು ಫೋನಿಟ್ಟೆ.

ನಮ್ಮ ಭಾಷೆಯ ಮೇಲೆ ನನಗೆ ಆವತ್ತು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಇಂಗ್ಲಿಷಿನವರು ಬೇಡ ಎನ್ನುವುದನ್ನು ಮೊದಲೇ ಹೇಳಿಬಿಡುತ್ತಾರೆ. ಬಾಲ ಎಲ್ಲಿ ಕತ್ತರಿಸಿದರೂ ತಲೆಯಲ್ಲಿ ಆ ‘ನೋ’ ಉಳಿಯುತ್ತದೆ. ನಾವೋ, ಊರೆಲ್ಲ ಸುತ್ತಿ, ಬಂಧುಬಳಗ ವಿಚಾರಿಸಿ, ಕಟ್ಟಕಡೆಗೆ ‘ಇದೆ’ಯನ್ನೋ ‘ಇಲ್ಲ’ವನ್ನೋ ಮೆಲ್ಲಗೆ ಇಡುತ್ತೇವೆ. ಅದರಲ್ಲೂ ಎರಡಕ್ಕೂ ಒಂದೇ ಬಾಗಿಲು ಇಟ್ಟ ಪುಣ್ಯಾತ್ಮ ಯಾರೋ! ನಮ್ಮ ಮ್ಯಾನೇಜರ್ ಶ್ರೀನಿಧಿಯನ್ನು ಹಿಡಿದು, ಕತ್ತರಿಸಿದ ಬಾಲ ಎಲ್ಲಾದರೂ ಸಿಗುತ್ತದಾ ಎಂದು ಕೇಳಿದೆ. ಅವನಿಗೆ ನನ್ನ ಮಗನ ವಯಸ್ಸು. “ಎಲ್ಲೂ ಸೇವ್ ಆಗಿರಲ್ಲ ಮೇಡಂ. ಮತ್ತೆ ಇದು ಬಗ್ ಅಲ್ಲ, ಲಿಮಿಟ್” ಎಂದ. ಒಬ್ಬ ಹೆಂಗಸಿನ ಕೆಲಸ ಹೋಗುತ್ತಿದೆ ಕಣೋ ಎಂದೆ. ಅವನು ಕುರ್ಚಿಯಿಂದ ಎದ್ದು ನಿಂತು, “ಅಯ್ಯೋ, ಹಂಗಾದ್ರೆ ಅವರನ್ನೇ ಕೇಳಿ ಮೇಡಂ!” ಎಂದ. ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ ಎಂಬುದನ್ನು ಓದುಗರು ತಮ್ಮಲ್ಲೇ ಇಟ್ಟುಕೊಳ್ಳಬೇಕು.

ರಂಗನಾಥರನ್ನು ಕಾಡಿ ಬೇಡಿ ನಂಬರು ಪಡೆದು ಶಾಂತವ್ವನಿಗೆ ಫೋನ್ ಮಾಡಿದೆ. ಅವರು ಆಗಲೇ ನಾಗಸಂದ್ರದ ಬಾಡಿಗೆ ಕೋಣೆಯಿಂದ ಹೊರಟು ಬಾದಾಮಿ ಕಡೆಯ ತಮ್ಮೂರು ಸೇರಿದ್ದರು. ಹಿಂದುಗಡೆ ಕೂಸು ಸಣ್ಣಗೆ ಅಳುತ್ತಿತ್ತು. “ಶಾಂತವ್ವ, ಕೆಲಸ ಬಿಡೋ ಮನಸ್ಸು ನಿಮಗೆ ಇದೆಯಾ ಇಲ್ವಾ? ಒಂದೇ ಮಾತಲ್ಲಿ ಹೇಳಿ” ಎಂದೆ.

“ಯಾರ್ರಿ ಅಕ್ಕಾರ ನೀವು? ಆರಾಮ ಅದೀರಿ? ಚಾ ಆತ್ರಿ?” ಎಂದರು ಶಾಂತವ್ವ.

ಆಯಿತು ಎಂದೆ. ನಾನು ಯಾವ ಕಂಪನಿಯವಳು ಎಂದು ಹೇಳಿದೆ. ಒಂದೇ ಮಾತು ಎಂಬುದು ಅಲ್ಲಿಗೆ ಮುಗಿಯಿತು. “ನಮ್ಮ ತಂಗಿಗಿ ಹೆಣ್ಣ ಕೂಸ ಆಗೇತ್ರಿ. ಭಾಳ ಸಣ್ಣದೈತ್ರಿ, ಅಂಗೈಯಾಗ ಹಿಡೀತೈತಿ. ನಮ್ಮವ್ವ ಹೋಗಿ ವರ್ಷ ಆತ್ರಿ. ಬಾಣಂತಿಗೆ ನೀರ ಹಾಕವ್ರು ನಾ ಬಿಟ್ರ ಯಾರೂ ಇಲ್ರಿ. ತಂಗೀನ ನಾನ ಎತ್ತಿ ಆಡಿಸೇನ್ರಿ, ಈಗ ನೋಡಿದ್ರ ಅದಕ್ಕ ಒಂದು ಕೂಸು...” ಎಂದು ನಕ್ಕರು. ನಕ್ಕವರು ಹಾಗೇ ಅಳುವುದಕ್ಕೆ ಶುರು ಮಾಡಿದರು. ‘ಗೊತ್ತಾಯ್ತು ಬಿಡಿ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಯಾಕೋ ಆಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಮೂಗೊರೆಸಿಕೊಂಡು ಹೇಳಿದರು, “ಕೆಲಸ ಬಿಟ್ರ ಹೊಟ್ಟಿಗೆ ಏನ್ ತಿನ್ನೂದ್ರಿ ಅಕ್ಕಾರ? ಬಿಡೂ ಮನಸ್ಸ ಇಲ್ಲಂತ ಬರದೇನಲ್ರಿ. ರಜಾ ಕೇಳಿದ್ರ ಬಿಟ್ಟು ಹೊಂಟಾಳಂತ ಸಾಹೇಬ್ರು ತಿಳಕೊಂಡಾರು ಅಂತ ಹೆದರಿ, ಅದಕ್ಕ ಅಷ್ಟು ಕಾಳಜೀಲೆ ಬರದೇನ್ರಿ!” ನನಗೆ ಬೇಕಾಗಿದ್ದ ‘ಇಲ್ಲ’ ಸಿಕ್ಕಿಬಿಟ್ಟಿತು. “ಚಿಂತೆ ಮಾಡಬೇಡಿ, ನಾನು ನೋಡ್ಕೋತೀನಿ” ಎಂದು ಫೋನಿಟ್ಟು, ಕೈಚೀಲ ಹೆಗಲಿಗೇರಿಸಿ, ಹಳದಿ ಮೆಟ್ರೋ ಹತ್ತಿ, ಹಸಿರು ಮೆಟ್ರೋಗೆ ಬದಲಾಯಿಸಿ ಪೀಣ್ಯಕ್ಕೆ ಹೊರಟೆ.

ರಂಗನಾಥ್ ನೋಡಲು ಸಾಧು ಮನುಷ್ಯರು. ಮೇಜಿನ ಮೇಲೆ ಒಂದು ಪುಟ್ಟ ಗಣಪತಿ, ಅದರ ಪಕ್ಕ ಬಿಸ್ಕತ್ತಿನ ಡಬ್ಬಿ. “ಫೋನಲ್ಲಿ ಯಾರು ಬೇಕಾದ್ರೂ ಇಲ್ಲ ಅಂತಾರೆ ಮೇಡಂ. ನಮ್ಮ ಮೇಲಿನವರು ಕಂಪ್ಯೂಟರಲ್ಲಿ ಏನಿದೆ ಅಂತ ನೋಡ್ತಾರೆ” ಎಂದರು. ನಾನು ವಾದಕ್ಕೆ ಹೋಗಲಿಲ್ಲ. ಅವರ ಫೋನಿನಲ್ಲೇ ರಜೆಯ ಪುಟ ತೆರೆದು, “ಸಾರ್, ಶಾಂತವ್ವ ಬರೆದದ್ದನ್ನೇ ನೀವೇ ಬರೆದು ನೋಡಿ. ಕೊನೇಲಿ ‘ಇಲ್ಲ’ ಅಂತ ಬರೀರಿ” ಎಂದೆ. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಒತ್ತಿದರು, ‘ಇಲ್ಲ’ವನ್ನು ಬಾಯಿ ಬಿಟ್ಟು ಹೇಳಿಕೊಂಡೇ ಬರೆದು ಕಳಿಸಿದರು. ನಿಮ್ಮ ಮನವಿ ತಲುಪಿದೆ, ಧನ್ಯವಾದ. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಮನಸ್ಸು ಇ, ಚೌಕ. ರಂಗನಾಥ್ ಒಮ್ಮೆ ಫೋನು ನೋಡಿದರು, ಒಮ್ಮೆ ಪರದೆ ನೋಡಿದರು. “ಅಲ್ಲಾ ಕಣ್ರೀ, ನಾನು ಇಲ್ಲ ಅಂತಾನೇ ಬರೆದಿದ್ದು!” ಎಂದು ನನ್ನ ಮೇಲೇ ರೇಗಿದರು. “ಅವರೂ ಅದನ್ನೇ ಹೇಳ್ತಿದ್ದಾರೆ ಸಾರ್” ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಪಾಪ, ಆ ಹೆಂಗಸಿನ ಹೊಟ್ಟೆ ಮೇಲೆ ಹೊಡೀತಿದ್ದೆನಲ್ರೀ” ಎಂದು ಮೇಲಿನವರಿಗೆ ಫೋನ್ ಮಾಡಿ, ಸೋಮವಾರ ಬರುವವರನ್ನು ಬೇರೆ ಕಡೆ ಹಾಕಿಸಿ, ಶಾಂತವ್ವನ ರಜೆ ಮಂಜೂರು ಮಾಡಿಸಿದ ಮೇಲೆಯೇ ನನಗೆ ಬಿಸ್ಕತ್ತು ಕೊಟ್ಟರು.

ಉಳಿದದ್ದು ನನ್ನ ಕೆಲಸ. ಕೋಣೆ ದೊಡ್ಡದು ಮಾಡಲು ಕೂತರೆ ಸೈಟಿನಲ್ಲಿ ಒಂದಿಂಚೂ ಜಾಗವಿಲ್ಲ. ಯಾವ ಕಾಲದಲ್ಲೋ ಯಾರೋ ಹವ್ಯಾಸಕ್ಕೊಂದು, ಮೆಚ್ಚಿನ ಆಟಕ್ಕೊಂದು ದೊಡ್ಡ ದೊಡ್ಡ ಕೋಣೆ ಕಟ್ಟಿಸಿದ್ದರು. ಇಡೀ ಕಾರ್ಖಾನೆಯಲ್ಲಿ ಅದನ್ನು ತುಂಬಿದವರು ಒಬ್ಬರೇ, ಹವ್ಯಾಸ ‘ಮಲಗುವುದು’. ಅವರ ಕ್ಷಮೆ ಕೋರಿ ಎರಡನ್ನೂ ಕೆಡವಿಸಿದೆ. ಉದ್ದದ ಮಾತುಗಳಿಗೆ ಸೈಟಿನ ಹೊರಗೇ ಬೇರೆ ಉಗ್ರಾಣ ಮಾಡಿ, ಸಾಲಿನಲ್ಲಿ ಅದರ ಗುರುತು ಮಾತ್ರ ಇಟ್ಟೆ. ಇನ್ನು ಮೇಲೆ ಜಾಗ ಮೀರಿದರೆ ಕತ್ತರಿಸುವ ಬದಲು ಎಚ್ಚರಿಕೆ ಕೊಡುವ ಹಾಗೆ ಮಾಡಿಸಿದೆ. ಈಗ ಯಾರು ಎಷ್ಟು ಬೇಕಾದರೂ ವಿನಂತಿಸಿಕೊಳ್ಳಬಹುದು.

ಮುಂದಿನ ವಾರ ರಂಗನಾಥ್ ತಮ್ಮ ಕಂಪ್ಯೂಟರ್ ಪರದೆಯ ಒಂದು ಚಿತ್ರ ಕಳಿಸಿದರು. “ನಿಮ್ಮ ಬಗ್ಗೆ ಬರೆದಿದ್ದಾರೆ ನೋಡಿ ಮೇಡಂ.” ಶಾಂತವ್ವ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಇನ್ನೆರಡು ದಿನ ರಜೆ ಕೇಳಿದ್ದರು. ಮಾನ್ಯರೇ ಎಂದು ಶುರುವಾಗಿ ಪರದೆ ತುಂಬ ಹರಡಿತ್ತು. ನಡುವೆ ಹೀಗಿತ್ತು: “ನನ್ನ ಕೆಲಸ ಉಳಿಸಿದ ಮೇಡಂ ಅವರ ಹೆಸರನ್ನೇ ಮಗುವಿಗೆ ಇಡಬೇಕೆಂದು ಮನೆಯವರೆಲ್ಲರೂ ಮಾತಾಡಿಕೊಂಡೆವು.” ಅಯ್ಯೋ, ನನ್ನ ಸಂತೋಷ ಏನು ಹೇಳಲಿ! ನಿಂತ ಕಾಲಲ್ಲೇ ಹೋಗಿ ಒಂದು ಕೆಜಿ ಮೈಸೂರ್ ಪಾಕ್ ತಂದು ಆಫೀಸಿನವರಿಗೆಲ್ಲ ಹಂಚಿದೆ. ಬಾದಾಮಿಯ ಕಡೆ ನನ್ನ ಹೆಸರಿನದೊಂದು ಕೂಸು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದೆ ಎಂದು ಸರೋಜಮ್ಮನಿಗೂ ಹೇಳಿದೆ. ಉಳಿದ ಮೈಸೂರ್ ಪಾಕ್ ಜೊತೆಗೆ ಫೋನನ್ನು ಯಜಮಾನರ ಕೈಗಿಟ್ಟೆ. ಅವರು ತಮ್ಮ ಅಭ್ಯಾಸದಂತೆ ಮಾನ್ಯರೇಯಿಂದ ಹಿಡಿದು ನಿಧಾನವಾಗಿ ಓದುತ್ತಾ ಹೋದರು. ಒಂದು ಕಡೆ ನಿಂತು ನನ್ನ ಮುಖ ನೋಡಿದರು.

“ಪೂರ್ತಿ ಓದಿದೀಯೇನೇ?” ಎಂದರು.

ಓದಿರಲಿಲ್ಲ. ಅವರೇ ಮುಂದಿನದನ್ನು ಗಟ್ಟಿಯಾಗಿ ಓದಿದರು: “ಆದರೆ ಹೆಸರು ಕೇಳುವಷ್ಟರಲ್ಲಿ ಮೇಡಂ ಅವರು ಫೋನ್ ಇಟ್ಟುಬಿಟ್ಟಿದ್ದರು. ಆದ್ದರಿಂದ ಅವರ ಹೆಸರು ಇಡಲಿಕ್ಕೆ ಆಗಲಿಲ್ಲ. ನಮ್ಮ ಅವ್ವನ ಹೆಸರು ನೀಲವ್ವ ಅಂತ ಇಡುವುದಾಗಿ ನಿಶ್ಚಯಿಸಿದ್ದೇವೆ.”

ನನಗೆ ತಡೆಯಲಾಗಲಿಲ್ಲ. ನಿಂತ ನಿಲುವಿನಲ್ಲೇ ಶಾಂತವ್ವನಿಗೆ ಫೋನ್ ಮಾಡಿದೆ. ಈ ಸಲ ನಾನೇ ಆರಾಮ ವಿಚಾರಿಸಿದೆ, ಚಹಾ ವಿಚಾರಿಸಿದೆ, ಬಾಣಂತಿಯನ್ನೂ ಕೂಸನ್ನೂ ವಿಚಾರಿಸಿದೆ. ಅವರು ಹೇಳಿದ್ದಷ್ಟನ್ನೂ ಹೂಂಗುಟ್ಟುತ್ತಾ ಕೊನೆಯ ತನಕ ಕೇಳಿದೆ. ಆಮೇಲೆ, ಶಾಸ್ತ್ರ ಇನ್ನೂ ಆಗಿಲ್ಲವಲ್ಲ ಎಂಬ ಆಸೆಯಿಂದ, ನಾಚಿಕೆ ಬಿಟ್ಟು ಹೇಳಿದೆ, “ಅವತ್ತು ಹೇಳೋಕಾಗಲಿಲ್ಲ ಶಾಂತವ್ವ, ನನ್ನ ಹೆಸರು ಅನ್ನಪೂರ್ಣೇಶ್ವರಿ.”

ಆ ಕಡೆ ಅವರು ಆ ಹೆಸರನ್ನು ಬಿಡಿಸಿ ಬಿಡಿಸಿ ಒಮ್ಮೆ ಹೇಳಿ ನೋಡಿದರು.

“ಅಯ್ಯ, ಭಾಳ ಉದ್ದ ಆತ್ರಿ ಅಕ್ಕಾರ” ಎಂದರು ಶಾಂತವ್ವ. “ನೀಲವ್ವನ ಇರಲಿ ಬಿಡ್ರಿ.”