ಮೀಟರಣ್ಣನ ಆರಾಮ ಕುರ್ಚಿ

ಈ ವರ್ಷ ಯಾರು ಬಂದು ಕೇಳಿದರೂ ಕುರ್ಚಿ ಕೊಡುವುದಿಲ್ಲ ಎಂದು ಮೀಟರಣ್ಣ ತೀರ್ಮಾನಿಸಿದ್ದು ಭಾನುವಾರ ಬೆಳಗ್ಗೆ, ಹಲ್ಲುಜ್ಜುತ್ತಿದ್ದಾಗ. ಬಾಯಿತುಂಬ ನೊರೆ ಇದ್ದುದರಿಂದ ಅದನ್ನು ಆಗಲೇ ಹೆಂಡತಿಗೆ ತಿಳಿಸಲು ಆಗಲಿಲ್ಲ. ತಿಳಿಸಿದ್ದರೆ ಮುಂದಿನ ರಾದ್ಧಾಂತ ಅರ್ಧ ಕಡಿಮೆಯಾಗುತ್ತಿತ್ತೋ ಏನೋ.

ಮೀಟರಣ್ಣ ಬಟ್ಟೆ ಅಂಗಡಿಯಲ್ಲಿ ಪ್ಯಾಂಟು, ಶರ್ಟಿನ ಬಟ್ಟೆ ಅಳೆದು ಕತ್ತರಿಸಿ ಕೊಡುವವನು. ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಅವನ ಅಂಗಡಿಯಲ್ಲಿ ಕೆಲಸದವರು ಕೂರುವಂತಿಲ್ಲ. ಕೂತ ಸೇಲ್ಸ್‌ಮನ್ನನ್ನು ಕಂಡರೆ ಗಿರಾಕಿಗೆ ಆಕಳಿಕೆ ಬರುತ್ತದೆ ಎಂಬುದು ಮಾಲೀಕರ ಸಿದ್ಧಾಂತ. ಈ ಸಿದ್ಧಾಂತವನ್ನು ಅವರು ಕೂತುಕೊಂಡೇ ಕಂಡುಹಿಡಿದಿದ್ದರು. ಹೀಗಾಗಿ ವಾರದಲ್ಲಿ ಆರು ದಿನ ಮೀಟರಣ್ಣ ನಿಂತೇ ಇರುತ್ತಿದ್ದ. ನಿಂತು ಉಣ್ಣುವುದು, ನಿಂತು ತೂಕಡಿಸುವುದು, ನಿಂತೇ ಸೀನುವುದು ಎಲ್ಲ ಅವನಿಗೆ ಸಿದ್ಧಿಸಿತ್ತು.

ಏಳನೆಯ ದಿನ ಮಾತ್ರ ಅವನದು. ಜಗಲಿಯ ಮೇಲೆ ಅವನ ಆರಾಮ ಕುರ್ಚಿ ಇತ್ತು. ಅಗಲವಾದ ಮರದ ಕೈಗಳು, ಅವನೇ ಅಂಗಡಿಯಲ್ಲಿ ಆರಿಸಿ ಹೊಲಿಸಿದ ನೀಲಿ ಪಟ್ಟೆಯ ದಪ್ಪ ಬಟ್ಟೆ. ಮನೆಯಲ್ಲಿ ಉಳಿದದ್ದೆಲ್ಲ, ಅವನು ತೊಡುವ ಬನಿಯನ್ನೂ ಸೇರಿದಂತೆ, ಹೆಂಡತಿಯ ಆಯ್ಕೆ. ಕುರ್ಚಿಯೊಂದೇ ಅವನ ಸಾಮ್ರಾಜ್ಯ.

ಆ ಸಾಮ್ರಾಜ್ಯದ ಮೇಲೆ ವರ್ಷಕ್ಕೊಮ್ಮೆ ದಾಳಿ ಆಗುತ್ತಿತ್ತು. ಅವನಿದ್ದ ಊರು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಒಂದು ರಂಗಮಂದಿರ, ಒಂದು ಚಿತ್ರಶಾಲೆ, ಗಲ್ಲಿಗೊಬ್ಬ ಕಲಾವಿದ. ನಾಟಕ ಆಡುವವರಿಗೆ ಬರವಿಲ್ಲ, ನಾಟಕದ ಸಾಮಾನಿಗೆ ಮಾತ್ರ ಬರ. ಹೀಗಾಗಿ ಸಾಮಾನೆಲ್ಲ ಮನೆಮನೆಯಿಂದಲೇ ಹೋಗಬೇಕು. ಪರದೆ ಎದ್ದ ಕೂಡಲೇ, "ಅಗೋ ನಮ್ಮ ಮೇಜು", "ಅಯ್ಯೋ, ಅದು ನಮ್ಮತ್ತೆ ಕನ್ನಡಿ" ಎಂದು ಗುರುತು ಹಿಡಿಯುವುದರಲ್ಲೇ ಪ್ರೇಕ್ಷಕರಿಗೆ ಮೊದಲ ಅಂಕ ಮುಗಿದುಹೋಗುತ್ತಿತ್ತು.

ಮೀಟರಣ್ಣನ ಕುರ್ಚಿ ಈ ರಂಗಭೂಮಿಯ ಹಿರಿಯ ಕಲಾವಿದ. ಒಮ್ಮೆ ಅದು ಚಿನ್ನದ ಬಣ್ಣ ಬಳಿಸಿಕೊಂಡು ಸಿಂಹಾಸನವಾಗಿತ್ತು. ಆ ಬಣ್ಣ ಅಂಟಿಸಿಕೊಂಡು ಅಂಗಡಿಗೆ ಹೋದ ಮೀಟರಣ್ಣನ ಹಿಂಬದಿಯನ್ನು ಗಿರಾಕಿಗಳು ತಿರುತಿರುಗಿ ನೋಡಿದ್ದರು. ಕಳೆದ ವರ್ಷವಂತೂ ಸಮಾಜ ವಾಲಿದೆ ಎಂದು ತೋರಿಸಲು ಅದರ ಒಂದು ಕಾಲನ್ನೇ ಗರಗಸದಿಂದ ಕೊಯ್ದು ಗಿಡ್ಡ ಮಾಡಿದ್ದರು. ನಾಟಕದ ನಂತರ ಸಮಾಜ ನೆಟ್ಟಗಾಯಿತೋ ಇಲ್ಲವೋ, ಮೀಟರಣ್ಣ ಬಹಳ ದಿನ ಎಡಕ್ಕೆ ವಾಲಿಕೊಂಡೇ ಪೇಪರ್ ಓದಬೇಕಾಯಿತು.

ಸರಿ, ಅವನು ಬಾಯಿ ಮುಕ್ಕಳಿಸಿ ಬಂದು ಕುರ್ಚಿಯಲ್ಲಿ ಕಾಲು ಚಾಚಿದ್ದಷ್ಟೆ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಗೇಟು ತೆಗೆದರು. ನಾಟಕ ತಂಡದ ನಿರ್ದೇಶಕರು ಅವರೇ. ಗಡ್ಡಕ್ಕೆ ಬಣ್ಣ ಮೆತ್ತಿಕೊಂಡಿತ್ತು.

"ಮೀಟರಣ್ಣ, ಒಂಚೂರು ಏಳಿ. ಕುರ್ಚಿ ತಗೊಂಡು ಹೋಗ್ತೀವಿ."

"ಏಳಲ್ಲ."

ಮೇಷ್ಟ್ರು ನಕ್ಕರು. ಮೀಟರಣ್ಣ ನಗಲಿಲ್ಲ. ಮೇಷ್ಟ್ರ ನಗು ಗಡ್ಡದೊಳಗೇ ಮಾಯವಾಯಿತು.

"ತಮಾಷೆ ಬೇಡ. ಇವತ್ತು ಸಂಜೇನೇ ಸ್ಪರ್ಧೆ. ಹೊರಗಿಂದ ತೀರ್ಪುಗಾರರು ಬರ್ತಿದಾರೆ. ನಾಟಕದ ಹೆಸರೇ 'ಕೂತ ಅಪ್ಪ'! ಅಪ್ಪ ಶುರುವಿನಿಂದ ಕೊನೇವರೆಗೂ ಕುರ್ಚಿ ಬಿಟ್ಟು ಏಳೋದೇ ಇಲ್ಲ."

"ನಾನೂ ಅಷ್ಟೇ."

"ಬೇರೆ ಕುರ್ಚಿ ಎಲ್ಲಿಂದ ತರಲಿ? ಪ್ಲಾಸ್ಟಿಕ್ ಕುರ್ಚೀಲಿ ಕೂತು ಅಪ್ಪ ಪ್ರಾಣ ಬಿಟ್ರೆ ಜನ ನಗ್ತಾರೆ ರೀ!"

"ನಗಲಿ ಬಿಡಿ. ಕಳೆದ ವರ್ಷ ನನ್ನನ್ನ ನೋಡಿ ನಕ್ಕಿಲ್ವಾ?"

ಮಾತು ಕೇಳಿ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಇಷ್ಟು ವರ್ಷ ತಾಲೀಮಿಗೆ ಕಾಫಿ ಸರಬರಾಜು ಮಾಡಿದವಳು ಅವಳು. ಈ ಸಲ ಮೊದಲ ಬಾರಿಗೆ ಪಾತ್ರ ಸಿಕ್ಕಿತ್ತು. ಅಮ್ಮನ ಪಾತ್ರ. ಒಂದು ತಿಂಗಳಿಂದ ಪಾತ್ರೆ ತೊಳೆಯುವಾಗಲೂ ಮಾತು ಬಾಯಿಪಾಠ ಮಾಡುತ್ತಿದ್ದಳು.

"ರೀ, ಒಂದು ದಿನದ ಮಟ್ಟಿಗೆ ಕೊಡಿ ಅಂದ್ರೆ."

"ನಂಗಿರೋದೇ ಒಂದು ದಿನ ಕಣೇ."

"ನಾನು ಸ್ಟೇಜ್ ಹತ್ತೋದು ನಿಮಗೆ ಇಷ್ಟ ಇಲ್ಲ ಅನ್ನಿ."

"ನೀನು ಬೇಕಾದ್ರೆ ಸ್ಟೇಜಿನ ಸೂರು ಹತ್ತು. ಕುರ್ಚಿ ಮಾತ್ರ ಹತ್ತಲ್ಲ."

ಅವಳು ಅವನನ್ನು ಒಮ್ಮೆ, ಮೇಷ್ಟ್ರನ್ನು ಒಮ್ಮೆ ನೋಡಿ ಒಳಗೆ ಹೋದಳು. ಅವಳು ಜಗಳ ಮುಂದುವರಿಸದೆ ಒಳಗೆ ಹೋದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಮೀಟರಣ್ಣನಿಗೆ ಗೊತ್ತಿರಬೇಕಿತ್ತು. ಗೆದ್ದ ಹುರುಪಿನಲ್ಲಿ ಮರೆತುಬಿಟ್ಟ.

ಸ್ವಲ್ಪ ಹೊತ್ತಿಗೆ ಹಲ್ಲಿನ ಡಾಕ್ಟರು ಬಂದರು. ಅಪ್ಪನ ಪಾತ್ರ ಅವರದು. ರೋಗಿಗಳ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲೇ, "ಏನೂ ನೋವಾಗಲ್ಲ ಮೀಟರಣ್ಣ. ಆರಾಮಾಗಿ ಉಸಿರು ಬಿಡಿ. ಹಾಗೇ ಮೆಲ್ಲಗೆ ಎದ್ದುಬಿಡಿ," ಎಂದರು.

"ನಿಮ್ಮ ಕ್ಲಿನಿಕ್ಕಲ್ಲೇ ಅಷ್ಟು ದೊಡ್ಡ ಕುರ್ಚಿ ಇದೆಯಲ್ಲ ಡಾಕ್ಟ್ರೇ, ಅದನ್ನ ತಗೊಂಡು ಹೋಗಿ."

"ಅದನ್ನ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದಾರೆ."

"ಇದನ್ನ ನನಗೇ ಹಾಕಿದಾರೆ ಅನ್ಕೊಳ್ಳಿ."

ಡಾಕ್ಟರು ಕುರ್ಚಿಯ ಎರಡೂ ಕೈ ಹಿಡಿದು ಎಳೆದರು. ಮೀಟರಣ್ಣ ಕಾಲನ್ನು ಜಗಲಿಯ ಕಂಬಕ್ಕೆ ಸುತ್ತಿದ. ಎಷ್ಟೋ ದವಡೆ ಹಲ್ಲುಗಳನ್ನು ಕಿತ್ತ ಕೈ ಅವನ ಮುಂದೆ ಸೋತುಹೋಯಿತು. ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಹೊರಟಾಗ ಎದುರು ಮನೆಯಿಂದ ಚಪ್ಪಾಳೆ ಕೇಳಿಸಿತು.

ಚಪ್ಪಾಳೆ ತಟ್ಟಿದವರು ನಿವೃತ್ತ ಹೆಡ್‌ಕ್ಲರ್ಕು. ಕೆಲಸ ಬಿಟ್ಟಂದಿನಿಂದ ಬೇರೆಯವರ ಮನೆಯ ಕಡತಗಳನ್ನೇ ವಿಲೇವಾರಿ ಮಾಡುತ್ತ ಬಂದವರು. ಕೂಡಲೇ ಸ್ಟೂಲು ಎತ್ತಿಕೊಂಡು ರಸ್ತೆ ದಾಟಿ ಬಂದರು.

"ಶಭಾಷ್! ಬಗ್ಗಬೇಡಿ ಮೀಟರಣ್ಣ. ಇವತ್ತು ಕುರ್ಚಿ ಕೇಳಿದೋರು ನಾಳೆ ಹಾಸಿಗೆ ಕೇಳ್ತಾರೆ."

"ಕೇಳಲಿ ನೋಡೋಣ!"

"ಏಳಲೇಬೇಡಿ. ನಾನಿದೀನಿ."

ಮಧ್ಯಾಹ್ನದವರೆಗೂ ಇಬ್ಬರೂ ಮನುಷ್ಯನ ಹಕ್ಕುಗಳ ಬಗ್ಗೆ ಮಾತಾಡಿದರು. ಒಳಗಿನಿಂದ ಆಗಾಗ ದಡಬಡ ಸದ್ದು ಬರುತ್ತಿತ್ತು.

"ಏನೇ ಅದು?"

"ಮನೆ ಕ್ಲೀನ್ ಮಾಡ್ತಿದೀನಿ. ನೀವು ಏಳ್ಬೇಡಿ," ಎಂದಳು ಹೆಂಡತಿ ಕಿಟಕಿಯಿಂದ. ಊಟದ ತಟ್ಟೆಯನ್ನೂ ಜಗಲಿಗೇ ತಂದುಕೊಟ್ಟಳು. ಮದುವೆಯಾದ ಮೇಲೆ ಏಳಬೇಡಿ ಎಂದು ಅವಳು ಹೇಳಿದ್ದು ಅದೇ ಮೊದಲು. ಮೀಟರಣ್ಣನ ಕಣ್ಣು ತುಂಬಿಬಂತು. ಕೊನೆಗೂ ಅವಳಿಗೆ ತನ್ನ ಕಷ್ಟ ಅರ್ಥವಾಯಿತು ಎಂದುಕೊಂಡ.

ಊಟವಾದ ಮೇಲೆ ಪ್ರಕೃತಿಯ ಕರೆ ಬಂತು. ಕಕ್ಕಸು ಇದ್ದದ್ದು ಅಂಗಳದ ಮೂಲೆಯಲ್ಲಿ. ಹೆಡ್‌ಕ್ಲರ್ಕನ್ನು ನಂಬಿ ಬಿಟ್ಟುಹೋಗಬಹುದಿತ್ತು; ಆದರೆ ಆ ದಿನ ಮೀಟರಣ್ಣ ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಅಂಗಳ ದಾಟಿ, ಕಕ್ಕಸಿನ ಬಾಗಿಲ ಸಂದಿಯಿಂದ ಒಂದು ಕೈ ಹೊರಗೆ ಚಾಚಿ, ಕುರ್ಚಿಯ ಕಾಲು ಹಿಡಿದುಕೊಂಡೇ ಕೆಲಸ ಮುಗಿಸಿದ. ಬೀದಿಯ ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತು ನೋಡಿದರು. ನೋಡಿಕೊಳ್ಳಲಿ, ತಲೆ ತಗ್ಗಿಸುವ ಕೆಲಸ ತಾನೇನೂ ಮಾಡಿಲ್ಲ ಎಂದುಕೊಂಡ.

ಸಂಜೆಯಾಯಿತು. ಯಾರೂ ಬರಲಿಲ್ಲ. ಹೆಂಡತಿ ಹಿತ್ತಲ ಬಾಗಿಲಿಂದಲೇ ರಂಗಮಂದಿರಕ್ಕೆ ಹೋಗಿದ್ದಳು. ಗೆದ್ದಿದ್ದೇನೆ ಎಂದು ಖಚಿತವಾದ ಮೇಲೆ ಮೀಟರಣ್ಣನಿಗೆ ದೊಡ್ಡ ಮನಸ್ಸು ಬಂತು. ಎಷ್ಟಾದರೂ ಹೆಂಡತಿಯ ಮೊದಲ ನಾಟಕ. ಹೋಗದಿದ್ದರೆ ಜೀವಮಾನವಿಡೀ ಕೇಳಬೇಕಾಗುತ್ತದೆ. ಸೈಕಲ್ಲಿನ ಚೈನು ತೆಗೆದು ಕುರ್ಚಿಯನ್ನು ಕಿಟಕಿಯ ಸರಳಿಗೆ ಬಿಗಿದು, ಬೀಗ ಜಡಿದು, ಹಗ್ಗದ ಮೇಲೆ ಒಣಗಿದ್ದ ಶರ್ಟು ಹಾಕಿಕೊಂಡು ಹೊರಟ. ಹೆಡ್‌ಕ್ಲರ್ಕೂ ಜೊತೆಗೆ ಬಂದರು.

ರಂಗಮಂದಿರ ತುಂಬಿ ತುಳುಕುತ್ತಿತ್ತು. ಹೆಡ್‌ಕ್ಲರ್ಕು ವಯಸ್ಸಿನ ನೆಪ ಹೇಳಿ ಯಾರನ್ನೋ ಎಬ್ಬಿಸಿ ಕೂತರು. ಮೀಟರಣ್ಣನಿಗೆ ಜಾಗ ಸಿಗಲಿಲ್ಲ. ಹಿಂದೆ, ತೀರ್ಪುಗಾರರ ಮೇಜಿನ ಪಕ್ಕದಲ್ಲಿ ನಿಂತ.

ಪರದೆ ಎದ್ದಿತು.

ರಂಗದ ಮೇಲೆ ಅವನ ಮನೆ ಇತ್ತು. ಅವನ ಮಂಚ, ಮಂಚದ ಮೇಲೆ ಅವನದೇ ಹೊದಿಕೆ. ಅವನ ಬೀರು. ಸದಾ ಹಿಂದೆ ಬೀಳುವ ಅವನ ಗೋಡೆ ಗಡಿಯಾರ. ಮಂಚದ ಕೆಳಗೆ ಅವನ ಚಪ್ಪಲಿ. ಅಂಗಡಿಯಿಂದ ಬಂದು ಅವನು ಮುಖ ಒರೆಸಿಕೊಳ್ಳುವ ಟವೆಲ್ಲು ಕೂಡ ಗೂಟದಲ್ಲಿ ತೂಗುತ್ತಿತ್ತು. ಬೆಳಗಿನಿಂದ ಹಿತ್ತಲ ಬಾಗಿಲಲ್ಲಿ ನಡೆದ ಸ್ವಚ್ಛತೆ ಏನೆಂದು ಆಗ ತಿಳಿಯಿತು.

"ಅದು ನನ್ನ ಮಂಚ!" ಎಂದು ಕೂಗಿದ.

"ಕೂತ್ಕೊಳ್ರೀ!" ಎಂದರು ಹಿಂದಿನ ಸಾಲಿನವರು.

"ಎಲ್ಲಿ ಕೂತ್ಕೊಳ್ಳಲಿ? ಜಾಗ ಕೊಡಿ, ಕೂತ್ಕೊಳ್ತೀನಿ!"

ಯಾರೂ ಕೊಡಲಿಲ್ಲ. ಕೈಕಟ್ಟಿ ನಿಂತ.

ಇಷ್ಟೆಲ್ಲ ಸಾಮಾನಿನ ನಡುವೆ, ಕುರ್ಚಿ ಇರಬೇಕಾದ ಜಾಗ ಖಾಲಿ ಇತ್ತು. ಆ ಖಾಲಿ ಜಾಗದಲ್ಲಿ ಅಪ್ಪ, ಅಂದರೆ ಹಲ್ಲಿನ ಡಾಕ್ಟರು, ನಿಂತಿದ್ದರು. ಮೇಷ್ಟ್ರು ಕೊನೆ ಗಳಿಗೆಯಲ್ಲಿ ಬೇರೆ ದಾರಿ ಕಾಣದೆ ನಿಲ್ಲಿಸಿಬಿಟ್ಟಿದ್ದರು. ಮಕ್ಕಳು ಬರುತ್ತಾರೆ, ಮಂಚದ ಮೇಲೆ ಕೂರುತ್ತಾರೆ, ಹೋಗುತ್ತಾರೆ. ಅಪ್ಪ ನಿಂತೇ ಇದ್ದಾನೆ. ಆಗ ಅಮ್ಮನ ಪಾತ್ರದ ಹೆಂಡತಿ ಬಂದು, ಅಪ್ಪನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಬರೆದಿರದ ಮಾತೊಂದನ್ನು ಆಡಿದಳು.

"ಕೂತ್ಕೊಳ್ಳಿ ಅನ್ನೋಣ ಅಂದ್ರೆ, ಇಷ್ಟು ವರ್ಷ ದುಡಿದು ತುಂಬಿಸಿದ ಮನೇಲಿ ನಿಮಗೆ ಅಂತ ಒಂದು ಕುರ್ಚೀನೂ ಇಲ್ವಲ್ಲ ರೀ."

ಸಭೆಯಲ್ಲಿ ಯಾರೋ ಬಿಕ್ಕಿದರು. ಮೀಟರಣ್ಣನ ಪಕ್ಕದ ಹೆಂಗಸು ಮೂಗು ಒರೆಸಿಕೊಂಡಳು. ಅವನಿಗೂ ಅಳು ಬಂತು. ಹೆಂಡತಿಯನ್ನು ಕಂಡು ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎಷ್ಟೇ ಅಳು ಬಂದರೂ ಮಂಚ ಮಂಚವೇ, ಅದು ರಾತ್ರಿಯೊಳಗೆ ಮನೆಗೆ ಬರಲೇಬೇಕು ಎಂದು ಹಲ್ಲು ಕಚ್ಚಿದ.

ಪರದೆ ಬಿದ್ದು ಚಪ್ಪಾಳೆ ನಿಲ್ಲುವ ಮೊದಲೇ ಅವನು ರಂಗದ ಮೇಲಿದ್ದ. ಹಲ್ಲಿನ ಡಾಕ್ಟರು ಅವನ ಮಂಚದ ಮೇಲೆ ಬಿದ್ದುಕೊಂಡು ಮೀನಖಂಡ ತಿಕ್ಕುತ್ತಿದ್ದರು.

"ನನ್ನ ಸಾಮಾನು ಒಂದೂ ಬಿಡದೆ ಮನೆ ಸೇರೋವರೆಗೂ ಇಲ್ಲಿಂದ ಕದಲಲ್ಲ!" ಎಂದು ಮೀಟರಣ್ಣ ಆ ಖಾಲಿ ಜಾಗದಲ್ಲಿ ಕೈಕಟ್ಟಿ ನಿಂತ.

ಅಷ್ಟರಲ್ಲಿ ತೀರ್ಪುಗಾರರು ಹತ್ತಿ ಬಂದರು. ಅವರಲ್ಲಿ ಹಿರಿಯರಾದ ಹೆಂಗಸು ಮೇಷ್ಟ್ರ ಕೈ ಕುಲುಕಿದರು. "ಕುರ್ಚಿ ಇಲ್ಲದ 'ಕೂತ ಅಪ್ಪ'! ಎಂಥಾ ಕಲ್ಪನೆ! ನಿಮ್ಮ ನಾಟಕ ಆಯ್ಕೆಯಾಗಿದೆ. ಇನ್ನು ಒಂದು ವರ್ಷ, ಪ್ರತಿ ಭಾನುವಾರ ಒಂದೊಂದು ಊರಲ್ಲಿ ಆಡ್ಬೇಕು. ಈ ಸಾಮಾನುಗಳಲ್ಲಿ ಒಂದು ಚಮಚಾನೂ ಬದಲಾಗಬಾರದು."

"ನಂಗಾಗಲ್ಲ," ಎಂದು ಮಂಚದಿಂದ ನರಳಿದರು ಡಾಕ್ಟರು. "ನಾನು ಒಪ್ಪಿದ್ದು ಕೂರೋ ಪಾತ್ರ. ಇನ್ನೊಂದು ಸಲ ಹೀಗೆ ನಿಂತ್ರೆ ನನ್ನ ಕಾಲು ನನ್ನದಲ್ಲ."

ಮೇಷ್ಟ್ರ ಮುಖ ಸಪ್ಪಗಾಯಿತು. ಹೆಂಡತಿಯ ಮುಖವಂತೂ ನೋಡಲಾಗುತ್ತಿರಲಿಲ್ಲ. ತೀರ್ಪುಗಾರ ಹೆಂಗಸು ಮಾತ್ರ ಮೀಟರಣ್ಣನನ್ನೇ ದಿಟ್ಟಿಸುತ್ತಿದ್ದರು.

"ಇವರು ಯಾರು? ನಾಟಕ ಮುಗಿಯೋವರೆಗೂ ನಮ್ಮ ಪಕ್ಕದಲ್ಲೇ ನಿಂತಿದ್ರು. ಒಂದು ಸಲವೂ ಕಾಲು ಬದಲಾಯಿಸಲಿಲ್ಲ, ಗೋಡೆಗೆ ಒರಗಲಿಲ್ಲ."

ಮೇಷ್ಟ್ರು ತಿರುಗಿ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. "ಅಲುಗಾಡಬೇಡಿ ಮೀಟರಣ್ಣ! ಹಾಗೇ ಇರಿ!"

"ನಾನು ಪಾತ್ರಗೀತ್ರ ಮಾಡಲ್ಲ! ಸಾಯೋವರೆಗೂ ಮಾಡಲ್ಲ!"

"ಆ ಸಿಟ್ಟು ನೋಡಿ," ಎಂದರು ಆ ಹೆಂಗಸು ಮೆಚ್ಚುಗೆಯಿಂದ.

ಹೆಂಡತಿ ಹತ್ತಿರ ಬಂದಳು. ಮುಖದ ಬಣ್ಣ ಬೆವರಿಗೆ ಕರಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ನೀವು ಒಪ್ಪದಿದ್ರೆ ನನ್ನ ನಾಟಕ ಇವತ್ತಿಗೇ ಮುಗೀತು ರೀ," ಎಂದಳು. ಅವನ ಬಳಿ ಎಂದೂ ಅಂಗಲಾಚದ ಹೆಂಗಸು ಈಗ ಅಂಗಲಾಚುತ್ತಿದ್ದಳು. ಮೀಟರಣ್ಣ ಗಡಿಯಾರ ನೋಡಿದ, ಬೀರು ನೋಡಿದ, ಟವೆಲ್ಲು ನೋಡಿದ. ಎಲ್ಲೂ ಸಹಾಯ ಸಿಗಲಿಲ್ಲ.

"ಒಂದೇ ಷರತ್ತು," ಎಂದು ಗುಡುಗಿದ. "ಏನೇ ಆಗಲಿ, ನನ್ನ ಕುರ್ಚಿ ಮಾತ್ರ ಮನೆ ಬಿಟ್ಟು ಕದಲಬಾರದು!"

"ಅಯ್ಯೋ, ಖಂಡಿತ!" ಎಂದರು ಮೇಷ್ಟ್ರು ಎದೆ ಮುಟ್ಟಿಕೊಂಡು. "ಆ ಕುರ್ಚಿ ಬಂದ್ರೆ ನಾಟಕಾನೇ ಹಾಳು."

ಗೆದ್ದೆ ಎಂದುಕೊಂಡ ಮೀಟರಣ್ಣ. ಎದೆ ಸೆಟೆಸಿ ಸುತ್ತಲೂ ನೋಡಿದ. ಆಗ ಜನರನ್ನು ಸರಿಸಿಕೊಂಡು ಹೆಡ್‌ಕ್ಲರ್ಕು ರಂಗ ಹತ್ತಿ ಬಂದರು, ಅವನ ಬೆನ್ನು ತಟ್ಟಿದರು.

"ಕುರ್ಚಿ ಯೋಚನೆ ಬಿಟ್ಹಾಕಿ ಮೀಟರಣ್ಣ. ಇನ್ನು ಪ್ರತಿ ಭಾನುವಾರ ಬೆಳಗ್ಗೆಯಿಂದ ನೀವು ವಾಪಸ್ ಬರೋವರೆಗೂ ನಾನೇ ಅದರ ಮೇಲೆ ಕೂತು ಕಾಯ್ತೀನಿ. ಯಾರು ಬಂದು ಕೇಳಿದ್ರೂ ಏಳಲ್ಲ. ಎಲ್ಲಿ, ಆ ಚೈನಿನ ಬೀಗದ ಕೈ ಕೊಡಿ."