ಅಲ್ ಕೂಜ್‌ನಿಂದ ಹೊರಟ ಕುದುರೆ

ಕುದುರೆ ಒಂದು ಗೇಣು ಹೆಚ್ಚು ಎತ್ತರವಾಗಿತ್ತು. ಶೇಖಪ್ಪನ ಅಂದಿನ ಪಾಡಿಗೆಲ್ಲ ಅದೇ ಮೂಲ.

ಗದಗಿನ ಬಡಗಿ ಶೇಖಪ್ಪ ದುಬೈನ ಅಲ್ ಕೂಜ್‌ನ ಗೋದಾಮೊಂದರಲ್ಲಿ ಮಾಲ್‌ಗಳಿಗೆ ಕಪಾಟು, ಕೌಂಟರು ಮಾಡಿಕೊಂಡಿದ್ದವನು. ಸೇಲ್ ಮುಗಿದೊಡನೆ ಅವನ್ನೆಲ್ಲ ಒಡೆದು ಎಸೆಯುತ್ತಿದ್ದರು. ಈ ಸಲ ಮಾತ್ರ ಅಬುಧಾಬಿಯ ಮ್ಯೂಸಿಯಂ ಒಂದರ ಪ್ರದರ್ಶನಕ್ಕೆ ಮರದ ಕುದುರೆ. ಊರಲ್ಲಿ ಹೆಂಡತಿ ನಿಂಗವ್ವ ಓಣಿಗೆಲ್ಲ ಸಾರಿಬಿಟ್ಟಿದ್ದಳು: "ನಮ್ಮ ಮನಿಯವ್ರು ಮಾಡಿದ ಕುದುರಿ ಮ್ಯೂಜಿಯಮ್ಮಿನ್ಯಾಗ ನಿಲ್ತೈತಿ!"

ಬೆಳಿಗ್ಗೆ ಮ್ಯೂಸಿಯಂನಿಂದ ಬಂದ ಮಂಗಳೂರಿನ ಮೆಲಿಸ್ಸಾ ಕುದುರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹಣೆಗೆ ಕೈ ಹಚ್ಚಿದಳು.

"ಇದೆಂತ ಶೇಖಪ್ಪಣ್ಣ, ರೇಸಿನ ಕುದುರೆ ಮಾಡಿಟ್ಟಿದ್ದೀರಿ! ನಮ್ಮದು ಹುಲ್ಲುಗಾವಲಿನ ಅಲೆಮಾರಿಗಳ ಕುದುರೆ. ಗಿಡ್ಡ ಕಾಲು, ದಪ್ಪ ತಲೆ. ಸಂಜೆಯೊಳಗೆ ಸರಿಯಾಗಬೇಕು."

"ನಾನು ಅವತ್ತೇ ಹೇಳಿದ್ದೆ ಮಾರಾಯ, ಕಾಲು ಉದ್ದ ಆಯ್ತು ಅಂತ," ಎಂದ ಸೂಪರ್‌ವೈಸರ್ ಹ್ಯೂಬರ್ಟ್.

"ಉದ್ದ ಮಾಡು ಅಂದಾವ್ರು ನೀವ ಅಲ್ರಿ?"

"ಅದೆಲ್ಲ ಈಗ ಬೇಡ. ಯಲ್ಲಾ, ಬೇಗ ಬೇಗ ಗರಗಸ ತಕೊ!"

ಮುಂಗಾಲು ಕೊಯ್ದದ್ದೇ ಕುದುರೆ ಕೆರೆಗೆ ಬಗ್ಗಿದ ಎಮ್ಮೆಯಾಯಿತು. ಪಕ್ಕದ ಗೋದಾಮಿನ ಬಟ್ಟೆ ವ್ಯಾಪಾರಿ, ಭಟ್ಕಳದ ನೂರುದ್ದೀನ್ ಚಹಾ ಹಿಡಿದು ಬಂದು ಸಲಹೆ ಕೊಟ್ಟ: "ಹಿಂದಿನಿಂದ ಸ್ವಲ್ಪ ತೆಗೀರಿ, ಸಮ ಆಗ್ತದೆ." ತೆಗೆದ ಮೇಲೆ ಕುದುರೆ ಹಿಂಗಾಲ ಮೇಲೆ ಕುಕ್ಕರಿಸಿದ ನಾಯಿಯಂತೆ ಕಂಡಿತು. "ಈಗ ಮುಂದಿಂದ," ಎಂದ ಹ್ಯೂಬರ್ಟ್. ಇನ್ನು ಇವರ ಮಾತು ಕೇಳಿದರೆ ಕುದುರೆ ಮೊಲವಾದೀತೆಂದು ಶೇಖಪ್ಪ ಇಬ್ಬರನ್ನೂ ಹೊರಗಟ್ಟಿ ಬಾಗಿಲೆಳೆದುಕೊಂಡ.

ಊಟ ಮರೆತು ದುಡಿದ. ಕಾಲು ಸಮವಾದವು, ಕುತ್ತಿಗೆಯ ಕೂದಲು ಗಿಡ್ಡವಾಯಿತು. ಮರದ ತುಂಡು ಅಂಟಿಸಿ ತಲೆ ದಪ್ಪ ಮಾಡಿ, ಮುಖ ಕೆತ್ತತೊಡಗಿದ. ಅರಳಿದ ಮೂಗು, ಗಾಳಿಗೆ ಕಿರಿದಾದ ಕಣ್ಣು. ಬಾಗಿಲು ತೆರೆದಾಗ ಹ್ಯೂಬರ್ಟ್ ಕುದುರೆಯ ಮೂಗು ಸವರಿ ನೋಡಿ, ಲಾರಿಗೆ ಫೋನ್ ಮಾಡಿದ.

ಅಬುಧಾಬಿಗೆ ಲಾರಿ ಹೊರಟಾಗ ಶೇಖಪ್ಪನ ಪಕ್ಕದಲ್ಲಿ ಕರೆಯದೆಯೇ ನೂರುದ್ದೀನ್ ಹತ್ತಿ ಕೂತಿದ್ದ. ಕುದುರೆಯನ್ನು ಒಳಗೊಯ್ದ ಮೇಲೆ ಮೆಲಿಸ್ಸಾ ಇಬ್ಬರನ್ನೂ ಮಬ್ಬು ಬೆಳಕಿನ ಕೋಣೆಗೆ ಕರೆದೊಯ್ದಳು. ಗಾಜಿನ ಪೆಟ್ಟಿಗೆಯೊಳಗೆ ರೇಷ್ಮೆಯ ತುಣುಕು. ಅದರ ಮೇಲೆ ದಾರದಲ್ಲಿ ಹೊಲಿದ ಹಕ್ಕಿ, ಬಳುಕಿದ ರೆಂಬೆ.

"ಚೀನಾದಲ್ಲಿ ನೇಯ್ದದ್ದು. ಸಿಕ್ಕಿದ್ದು ಎಷ್ಟೋ ದೂರದ ಬೆಟ್ಟದಲ್ಲಿ, ಒಬ್ಬ ಅಲೆಮಾರಿ ನಾಯಕನ ಗೋರಿಯೊಳಗೆ. ಕುದುರೆಯ ಬೆನ್ನ ಮೇಲೆ ಹಾಸ್ತಿದ್ದರು. ಕೋಟೆ ಕಟ್ಟಿದ ಚೀನಾದವರು ಈ ಸವಾರರಿಗೆ ಹೆದರ್ತಿದ್ದರು, ಆದರೆ ಇವರ ಕುದುರೆ ಇಲ್ಲದೆ ಅವರಿಗೂ ಆಗ್ತಿರಲಿಲ್ಲ. ಎರಡು ಸಾವಿರ ವರ್ಷದ ಮೇಲಾಯ್ತು, ಗೋರಿಯೊಳಗೆ ಹೆಪ್ಪುಗಟ್ಟಿದ ಮಂಜುಗಡ್ಡೆ ಇದನ್ನು ಕಾಪಾಡಿದೆ."

ನೂರುದ್ದೀನ್ ಬಟ್ಟೆ ವ್ಯಾಪಾರಿಯ ಅಭ್ಯಾಸದಂತೆ ಸೆರಗು ಮುಟ್ಟಿ ನೋಡಲು ಬಗ್ಗಿ ಗಾಜಿಗೆ ಹಣೆ ಬಡಿಸಿಕೊಂಡ. "ಸುಬ್ಹಾನಲ್ಲಾ!" ಎಂದದ್ದು ನೋವಿಗೋ ಬೆರಗಿಗೋ ತಿಳಿಯಲಿಲ್ಲ.

ಶೇಖಪ್ಪ ಟೊಪ್ಪಿಗೆ ತೆಗೆದ. ಆ ಹಕ್ಕಿಯನ್ನು ಹೊಲಿದ ಕೈ ಯಾವುದೋ! ಆ ಬಟ್ಟೆ ಯಾರ ಕುದುರೆ ಏರಿ, ಎಷ್ಟು ಹುಲ್ಲು ಬಯಲು ದಾಟಿ, ಇವತ್ತು ಗದಗಿನವನ ಕಣ್ಣ ಮುಂದೆ ಕೂತಿದೆ. "ಮನಷ್ಯಾನ ಕೈಕೆಲಸ ಇಷ್ಟ ದಿವಸ ಬದಕತೈತೇನ್ರಿ ಅಕ್ಕಾರ?" ಎಂದ ಮೆಲ್ಲಗೆ.

"ಬನ್ನಿ, ನಿಮ್ಮ ಕುದುರೆಯೂ ತಯಾರಾಗಿದೆ."

ಪಕ್ಕದ ಕೋಣೆಗೆ ಕಾಲಿಟ್ಟವನು ಹಾಗೇ ನಿಂತ. ಕುದುರೆಯ ಬೆನ್ನಿನಿಂದ ಕೆಂಪು ಉಣ್ಣೆಯ ಹೊದಿಕೆ ನೆಲದವರೆಗೆ ಇಳಿಬಿದ್ದಿತ್ತು. ಮುಖದ ತುಂಬ ತೊಗಲಿನ ಮುಖವಾಡ, ಅದರ ಮೇಲೆ ಮರದಂತೆ ಕವಲೊಡೆದ ಕೊಂಬು.

"ಒಡೆಯನ ಜೊತೆ ಮಣ್ಣು ಮಾಡುವಾಗ ಕುದುರೆಗೆ ಹೀಗೆ ಜಿಂಕೆಯ ಮುಖ ತೊಡಿಸ್ತಿದ್ದರು," ಎಂದಳು ಮೆಲಿಸ್ಸಾ.

ದಿನವಿಡೀ ಕೊಯ್ದು ಕೆತ್ತಿದ ಕಾಲೂ ಕಾಣದು, ಮೂಗೂ ಕಾಣದು, ಕಣ್ಣೂ ಕಾಣದು. ಸಿಟ್ಟು ಮಾಡೋಣವೆಂದರೆ ಎದುರಿಗಿದ್ದದ್ದು ದೇವಲೋಕದಿಂದ ಇಳಿದಂತಿತ್ತು. ಶೇಖಪ್ಪ ಸುಮ್ಮನೆ ಫೋಟೊ ತೆಗೆದು ಊರಿಗೆ ಕಳಿಸಿದ.

ಆ ಕ್ಷಣವೇ ಫೋನ್ ಬಂತು. ನಿಂಗವ್ವನ ಹಿಂದೆ ಓಣಿಯೇ ಗಲಗಲ ಎನ್ನುತ್ತಿತ್ತು.

"ಅಯ್ಯ, ಎಷ್ಟ ಛಂದ ಜಿಂಕಿರೀ! ಎಲ್ಲಾರೂ ಕೈ ಮುಗದ್ರ ನೋಡ್ರಿ. ಯಾವ ಪುಣ್ಯಾತ್ಮ ಮಾಡ್ಯಾನೋ! ಅದಿರ್ಲಿ, ನಿಮ್ಮ ಕುದುರಿದು ಫೋಟೋ ಲಗೂನ ಕಳಸ್ರಿ, ಮಂದಿ ಕಾಯಾಕತ್ತಾರ."